ಲೈಟ್ ಗೈಡ್ ಮೇಲಿನ ‘ಟೆಕ್ಸ್ಚರ್’ಗೆ ಕನ್ನಡದಲ್ಲಿ ಏನೆನ್ನಬೇಕು?

ಹುಬ್ಬಳ್ಳಿಯಿಂದ:

ನಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ಗಣಕದ ಮೇಲೆ ಲೈಟ್ ಗೈಡ್ ವಿನ್ಯಾಸಗೊಳಿಸುವ ಅಭ್ಯಾಸವೊಂದಿದ್ದು, ಅದರ ಕನ್ನಡ ಸೂಚನಾಫಲಕವನ್ನು ಶುಕ್ರವಾರದೊಳಗೆ ಮುದ್ರಣಕ್ಕೆ ಕೊಡಬೇಕಾಗಿದೆ. ನಾವು ಬಳಸುವ ಲೈಟ್ ಗೈಡ್ ಎಂದರೆ ಬೆಳಕನ್ನು ತನ್ನೊಳಗೆ ಸಾಗಿಸುವ, ಅಂಚಿನಲ್ಲಿ ಎಲ್‌ಇಡಿ ಇಟ್ಟ ಅಕ್ರಿಲಿಕ್ ಹಲಗೆ. ಅಕ್ರಿಲಿಕ್ಕಿನ ವಕ್ರೀಭವನ ಸೂಚ್ಯಂಕ (ಬೆಳಕನ್ನು ಎಷ್ಟು ಬಾಗಿಸುತ್ತದೆಂಬ ಅಳತೆ) ಸುಮಾರು 1.49 ಆಗಿರುವುದರಿಂದ, ಮೇಲ್ಮೈಯ ಲಂಬರೇಖೆಗೆ ಸುಮಾರು 42 ಡಿಗ್ರಿಗಿಂತ ಹೆಚ್ಚು ಓರೆಯಾಗಿ ಬಂದು ತಾಗಿದ ಕಿರಣವು ಹೊರಬೀಳದೆ ಒಳಗೊಳಗೇ ಪುಟಿಯುತ್ತ ಸಾಗುತ್ತದೆ. ಅದನ್ನು ಬೇಕಾದ ಕಡೆ ಹೊರತರಲು ಹಲಗೆಯ ಒಂದು ಮೈಮೇಲೆ ಸೂಕ್ಷ್ಮವಾದ ಗೀರು, ಗುಳಿ, ಉಬ್ಬುಗಳನ್ನು ಎಲ್‌ಇಡಿಯ ಸಮೀಪ ವಿರಳವಾಗಿ, ದೂರ ಸರಿದಂತೆ ದಟ್ಟವಾಗಿ ಮೂಡಿಸುತ್ತಾರೆ. ತಂತ್ರಾಂಶ ಇದನ್ನು ‘ಟೆಕ್ಸ್ಚರ್’ ಎನ್ನುತ್ತದೆ. ನಾನು ‘ಮೇಲ್ಮೈ ವಿನ್ಯಾಸ’ ಎಂದು ಬರೆದಿದ್ದೆ. ಆದರೆ ಫಲಕದಲ್ಲಿ ‘ವಿನ್ಯಾಸ ತಂತ್ರಾಂಶ’ ಎಂಬುದೂ ಇರುವುದರಿಂದ ಒಂದೇ ಸಾಲಿನಲ್ಲಿ ‘ವಿನ್ಯಾಸ’ ಎರಡು ಅರ್ಥಗಳಲ್ಲಿ ಬರುತ್ತಿದೆ. ಬಲ್ಲವರು ದಯವಿಟ್ಟು ತಿಳಿಸಬೇಕು.

ಧಾರವಾಡದಿಂದ:

‘ವಿನ್ಯಾಸ’ ಸಲ್ಲದು. ‘ಒರಟುತನ’ವೂ ಸಲ್ಲದು, ಏಕೆಂದರೆ ಒರಟುತನಕ್ಕೆ ಕ್ರಮವಿಲ್ಲ. ‘ಟೆಕ್ಸ್ಚರ್’ ಪದದ ಬೇರು ಲ್ಯಾಟಿನ್ನಿನಲ್ಲಿ ನೇಯುವುದನ್ನು ಸೂಚಿಸುವ ಧಾತುವೆಂದು ‘ನೇಯ್ಗೆ’ ಎನ್ನಲು ಯಾರಾದರೂ ಮುಂದಾದಾರು. ಪರಭಾಷೆಯ ಮೂಲಾರ್ಥವನ್ನು ಅಗೆದು ತೆಗೆದು ಅದನ್ನೇ ಕನ್ನಡಿಸುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಅಕ್ರಿಲಿಕ್ಕಿನಲ್ಲಿ ಹಾಸೂ ಇಲ್ಲ, ಹೊಕ್ಕೂ ಇಲ್ಲ.

ನಮ್ಮಲ್ಲಿ ಪದವಿದೆ, ಅದು ‘ಕಕ್ಕು’. ಬೀಸುಕಲ್ಲು ಸವೆದು ನುಣುಪಾಗಿ ಕಾಳು ನುರಿಯದೆ ಜಾರತೊಡಗಿದಾಗ, ಉಳಿಯಿಂದ ಹೊಡೆಸಿ ಕಕ್ಕು ಹಾಕಿಸುತ್ತಿದ್ದುದನ್ನು ನಾನು ನಮ್ಮ ಮನೆಯಲ್ಲಿಯೇ ನೋಡಿದ್ದೇನೆ. ಕುಡುಗೋಲಿನ ಹಲ್ಲಿಗೂ ಇದೇ ಹೆಸರು. ‘ಬಿರ್ಚು’ ಎಂಬುದು ‘ಬಿಚ್ಚು’ ಆದಂತೆ ‘ಕರ್ಕು’ ಎಂಬುದು ‘ಕಕ್ಕು’ ಆಗಿದೆ. ತಮಿಳಿನ ‘ಕರುಕ್ಕು’ ತಾಳೆಗರಿಯ ದಂಟಿನ ಹಲ್ಲನ್ನು ಹೇಳುತ್ತದೆ, ಆದ್ದರಿಂದ ಪದ ದ್ರಾವಿಡವೆಂಬುದರಲ್ಲಿ ಸಂದೇಹವಿಲ್ಲ. ಕಕ್ಕು ತಾನಾಗಿ ಬಂದ ಒರಟಲ್ಲ, ಒಂದು ಕೆಲಸಕ್ಕಾಗಿ ಬಯಸಿ ಹಾಕಿದ್ದು. ನುಣುಪಾದ ಕಲ್ಲಿನಲ್ಲಿ ಕಾಳು ಜಾರುವಂತೆಯೇ ನುಣುಪಾದ ಹಲಗೆಯಲ್ಲಿ ಬೆಳಕು ಜಾರಿಕೊಂಡು ಹೋಗುತ್ತದೆ, ಕಕ್ಕು ಹಾಕಿದಲ್ಲಿ ತಡೆದು ದಿಕ್ಕು ಬದಲಿಸುತ್ತದೆ. ಇದಕ್ಕಿಂತ ಒಪ್ಪುವ ಪದ ಇನ್ನಾವುದು?

ಗದಗದಿಂದ:

ಒಪ್ಪಲಾಗದು. ‘ಕಕ್ಕು’ ಎಂದೊಡನೆ ಇಂದಿನ ವಿದ್ಯಾರ್ಥಿಗೆ ಹೊಳೆಯುವುದು ವಾಂತಿ, ಬೀಸುಕಲ್ಲಲ್ಲ. ಅಲ್ಲದೆ ಕಕ್ಕಿಗೆ ಹಲ್ಲಿರಬೇಕು. ಅರ್ಧಗೋಳದಂಥ ನುಣ್ಣನೆಯ ಉಬ್ಬುಗಳನ್ನು ಕಕ್ಕು ಎನ್ನುವುದು ಹೇಗೆ? ಫಲಕ ಓದಿದ ವಿದ್ಯಾರ್ಥಿ ಪರದೆಯ ಮೇಲೆ ಹುಡುಕಬೇಕಾದ ಪದ ‘ಟೆಕ್ಸ್ಚರ್’ ಆಗಿರುವಾಗ ಅದನ್ನೇ ಇಡುವುದು ಲೇಸು. ಬಟಾಟಿ ಎಂಬ ಪದ ಪೋರ್ಚುಗೀಸರಿಂದ ಬಂದಿತು, ಹುಬ್ಬಳ್ಳಿಯ ಮಾರುಕಟ್ಟೆಯಲ್ಲಿ ಅದನ್ನು ಪರಕೀಯವೆಂದು ಯಾರೂ ಬಗೆಯುವುದಿಲ್ಲ.

ಧಾರವಾಡದಿಂದ:

ಕ್ರಿಯಾಪದ ಬೇರೆ, ನಾಮಪದ ಬೇರೆ. ‘ಹತ್ತು’ ಎಂದಾಗ ಸಂಖ್ಯೆಯೋ ಏರುವುದೋ ಎಂದು ಯಾರೂ ತಡವರಿಸುವುದಿಲ್ಲ. ಬಟಾಟಿಯ ಉದಾಹರಣೆ ಇಲ್ಲಿಗೆ ಹೊಂದುವುದಿಲ್ಲ: ಆ ಗಡ್ಡೆ ನಮ್ಮಲ್ಲಿ ಇರಲಿಲ್ಲ, ವಸ್ತುವಿನೊಡನೆ ಹೆಸರೂ ಬಂದಿತು. ಕಕ್ಕು ಹಾಕುವ ಕೆಲಸ ನಮ್ಮಲ್ಲಿಯೇ ಇತ್ತು. ಇದ್ದ ಪದವನ್ನು ಮರೆತು ಎರವಲು ತರುವುದನ್ನು ನಾನು ಸಹಿಸಲಾರೆ. ಅರ್ಧಗೋಳದ ಉಬ್ಬಿನ ಆಕ್ಷೇಪಣೆ ಮಾತ್ರ ಸರಿಯಾದದ್ದು.

ಹುಬ್ಬಳ್ಳಿಯಿಂದ:

ಇಬ್ಬರಿಗೂ ಕೃತಜ್ಞತೆಗಳು. ನಮ್ಮ ಮೊದಲ ಅಭ್ಯಾಸದಲ್ಲಿರುವುದು ಇಂಗ್ಲಿಷಿನ ವಿ ಅಕ್ಷರದಂಥ ಗೀರುಗಳು. ಅವಕ್ಕೆ ‘ಕಕ್ಕು’ ಸರಿಹೊಂದುತ್ತದೆ. ಎರಡನೆಯದರಲ್ಲಿ ಅರ್ಧಗೋಳಗಳಿರುವುದರಿಂದ ಅಲ್ಲಿ ‘ಉಬ್ಬು’ ಎಂದೇ ಬರೆಯುತ್ತೇನೆ. ‘ಕಕ್ಕು’ ಪದದೊಡನೆ ಬಳಸಬೇಕಾದ ಕ್ರಿಯಾಪದದ ವಿಷಯದಲ್ಲಿ ಒಂದು ಮಾತು ಹೇಳಬೇಕು. ಲಕ್ಷಗಟ್ಟಲೆ ಗೀರುಗಳನ್ನು ಒಂದೊಂದಾಗಿ ಘನಾಕೃತಿಯಲ್ಲಿ ಕೊರೆದರೆ ಗಣಕಕ್ಕೆ ಹೊರೆಯಾಗುವುದರಿಂದ, ತಂತ್ರಾಂಶವು ಒಂದು ಗೀರಿನ ಆಕಾರವನ್ನೂ ಅದು ಮರುಕಳಿಸುವ ಸ್ಥಾನಗಳನ್ನೂ ಮೇಲ್ಮೈಯ ಗುಣವೆಂಬಂತೆ ಇಟ್ಟುಕೊಂಡು, ಕಿರಣ ಬಂದು ತಾಗಿದಾಗ ಮಾತ್ರ ಲೆಕ್ಕ ಹಾಕುತ್ತದೆ. ಹಾಗಾಗಿ ‘ಕೆತ್ತು’, ‘ಕೊರೆ’ ಎನ್ನುವುದಕ್ಕಿಂತ ‘ಹಾಕು’ ಎಂಬುದೇ ಸರಿ. ಮುದ್ರಣಕ್ಕೆ ಹೋಗುವ ಶೀರ್ಷಿಕೆ ಹೀಗಿದೆ: ‘ಲೈಟ್ ಗೈಡ್ ಮೈಗೆ ಕಕ್ಕು ಹಾಕುವುದು’. ಅದರ ಕೆಳಗೆ ಚಿಕ್ಕ ಅಕ್ಷರಗಳಲ್ಲಿ: ‘ಪರದೆಯ ಮೇಲೆ ಟೆಕ್ಸ್ಚರ್ ಎಂಬುದನ್ನು ಆರಿಸಿರಿ’.