ಗುಜರಿಗೆ ಹೋದ ಗ್ಯಾಸ್‌ಲೈಟು ಮತ್ತು ಸೀರಿಯಂ

ದೊಡ್ಡಪ್ಪ (ಫಾರ್ವರ್ಡ್): ಅಟ್ಟದಲ್ಲಿ ಹಳೆಯ ಗ್ಯಾಸ್‌ಲೈಟ್ ಇದ್ದರೆ ಗುಜರಿಗೆ ಕೊಡಬೇಡಿ. ಅದರ ಮ್ಯಾಂಟಲ್‌ನಲ್ಲಿ, ಅಂದರೆ ಬೆಳಕು ಕೊಡುವ ಬಲೆಯಲ್ಲಿ, ಚಿನ್ನಕ್ಕಿಂತ ದುಬಾರಿಯಾದ ಸೀರಿಯಂ ಎಂಬ ವಿರಳ ಲೋಹವಿದ್ದು, ವಿದೇಶಿ ಕಂಪನಿಗಳು ಲಕ್ಷಗಟ್ಟಲೆ ಕೊಟ್ಟು ಕೊಳ್ಳುತ್ತಿವೆ. ಎಲ್ಲರಿಗೂ ತಿಳಿಸಿ.

ದೊಡ್ಡಪ್ಪ: ಗಣಪತಿ ಇದನ್ನು ಅವಶ್ಯ ಓದಬೇಕು. ಅಪ್ಪಯ್ಯನ ಕಾಲದ ಎರಡು ಗ್ಯಾಸ್‌ಲೈಟುಗಳನ್ನು ಯಾರನ್ನೂ ಕೇಳದೆ ಗುಜರಿಗೆ ಹಾಕಿದವನು ಅವನೇ.

ನಾನು: ದೊಡ್ಡಪ್ಪ, ಇದನ್ನು ಬರೆದವರು ಯಾರು, ಕೊಳ್ಳುವ ಕಂಪನಿ ಯಾವುದು ಎಂಬುದು ಇದರಲ್ಲಿ ಎಲ್ಲಿಯೂ ಇಲ್ಲ. ಹೆಸರಿಗೆ ವಿರಳವಾದರೂ ಸೀರಿಯಂ ಭೂಮಿಯ ಹೊರಪದರದಲ್ಲಿ ಸುಮಾರು ತಾಮ್ರದಷ್ಟೇ ಇದೆ. ಅದರ ಆಕ್ಸೈಡು ಕಿಲೋಗೆ ಕೆಲವೇ ಡಾಲರಿಗೆ ಸಿಗುತ್ತದೆ. ಹಳೆಯ ಮ್ಯಾಂಟಲ್‌ನಲ್ಲಿ ನೂರಕ್ಕೆ 99 ಪಾಲು ಥೋರಿಯಂ ಆಕ್ಸೈಡು, ಸೀರಿಯಂ ಆಕ್ಸೈಡು ಒಂದೇ ಪಾಲು. ಉರಿದ ಮ್ಯಾಂಟಲ್ ಒಂದು ಗ್ರಾಂ ಕೂಡ ತೂಗದಿರುವಾಗ ಅದರೊಳಗಿನ ಸೀರಿಯಂ 10 ಮಿಲಿಗ್ರಾಂ ದಾಟಲಾರದು. ಅಕ್ಕಿಕಾಳನ್ನು ತನ್ನತ್ತ ಎಳೆಯುವ ಪವಾಡದ ತಾಮ್ರದ ಚೊಂಬೆಂದು ನಂಬಿಸಿ ಹಣ ಕಿತ್ತವರ ಮಾತಿನ ಧಾಟಿಯೇ ಇದರಲ್ಲೂ ಇದೆ. ಥೋರಿಯಂ ವಿಕಿರಣಶೀಲ ಧಾತು; ದುಡ್ಡಿನ ಆಸೆಗೆ ಯಾರೂ ಆ ಬೂದಿಯನ್ನು ಕೆರೆದು, ಅದರ ಪುಡಿಯನ್ನು ಉಸಿರಿಗೆ ಎಳೆದುಕೊಳ್ಳಬಾರದು.

ದೊಡ್ಡಪ್ಪ: ಒಂದು ಪಾಲು ಇದೆ ಎಂದು ನೀನೇ ಒಪ್ಪಿದೆಯಲ್ಲಮ್ಮ. ಹಿರಿಯರು ಹೇಳಿದ್ದನ್ನು ಮೊದಲು ಕೇಳಿಸಿಕೊಳ್ಳಬೇಕು, ಆಧಾರ ಕೇಳುವುದು ಆಮೇಲೆ.

ಗಣಪತಿ ಚಿಕ್ಕಪ್ಪ: ಮುಟ್ಟಿದರೆ ಉದುರುವ ಬೂದಿಯನ್ನು ಯಾವ ಗುಜರಿಯವನೂ ಕೊಳ್ಳುವುದಿಲ್ಲ ಅಣ್ಣಯ್ಯ. ನಾನು ಕೊಟ್ಟದ್ದು ತಳ ಸೋರುತ್ತಿದ್ದ ಹಿತ್ತಾಳೆ ಟ್ಯಾಂಕು. ಬಂದ ಹಣ ಪಂಪ್‌ಸೆಟ್ ರಿಪೇರಿಗೆ ಹೋಯಿತೆಂದು ಅಂದೇ ಲೆಕ್ಕ ಒಪ್ಪಿಸಿದ್ದೇನೆ.

ಶಾರದತ್ತೆ: ಹೊಸ ಮ್ಯಾಂಟಲ್ ಕಟ್ಟುವ ಕೆಲಸ ನನ್ನದಾಗಿತ್ತು. ಬಲೆಯ ಪುಟ್ಟ ಚೀಲದಂತಿದ್ದ ಅದನ್ನು ದಾರದಿಂದ ಬಿಗಿದು ಸ್ಪಿರಿಟ್ ಹಚ್ಚಿದರೆ, ಮೊದಲು ಕಪ್ಪಾಗಿ ಆಮೇಲೆ ಬೆಳ್ಳಗೆ ಕುಗ್ಗುತ್ತಿತ್ತು. ಪಂಪು ಹೊಡೆದಂತೆ ಬುಸ್ಸೆಂದು ಬೆಳಕೇರಿ, ಕೊಯ್ದ ಗದ್ದೆಯಲ್ಲಿ ಯಕ್ಷಗಾನದ ಆಟದ ವೇಷಗಳ ಕಿರೀಟವೆಲ್ಲ ಹೊಳೆಯುತ್ತಿತ್ತು.

ನಾನು: ಅತ್ತೆ, ನೂಲು ಸುಟ್ಟುಹೋಗಿ ಆಕ್ಸೈಡಿನ ಬಲೆ ಮಾತ್ರ ಉಳಿಯುವುದನ್ನೇ ನೀವು ಕಂಡದ್ದು. ಬರಿಯ ಥೋರಿಯಂ ಮಂಕಾಗಿ ಉರಿಯುತ್ತದೆ. ಆ ಒಂದು ಪಾಲು ಸೀರಿಯಂ ಸೇರಿದ ಮೇಲೆಯೇ ಬಿಳಿ ಬೆಳಕು ಬರುತ್ತದೆ. ಆಸ್ಟ್ರಿಯಾದ ಕಾರ್ಲ್ ಔವರ್ ಫಾನ್ ವೆಲ್ಸ್‌ಬಾಕ್ 1891ರ ಹೊತ್ತಿಗೆ ಈ ಹದ ಕಂಡುಕೊಂಡರು. ಎರಡೂ ಧಾತುಗಳು ಸಿಗುವುದು ಮೊನಜೈಟ್ ಮರಳಿನಲ್ಲಿ. ತಿರುವಾಂಕೂರಿನಿಂದ ಹೋದ ತೆಂಗಿನ ನಾರಿಗೆ ಆ ಮರಳು ಅಂಟಿದ್ದನ್ನು 1909ರಲ್ಲಿ ಶೋಂಬರ್ಗ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞರು ಗುರುತಿಸಿದ್ದರಿಂದಲೇ ನಮ್ಮ ಕರಾವಳಿಯ ಮೊನಜೈಟು ಲೋಕಕ್ಕೆ ತಿಳಿಯಿತು.

ವಿನಯ: ಕನ್ನಡಕದ ಗಾಜು ಉಜ್ಜುವ ನಮ್ಮ ಘಟಕಕ್ಕೆ ಸೀರಿಯಂ ಆಕ್ಸೈಡು ಚೀಲದಲ್ಲಿ ಬರುತ್ತದೆ. ನೀರಿನಲ್ಲಿ ಕಲಸಿದ ಅದರ ರಾಡಿ ಸಂಜೆಯವರೆಗೂ ಉಗುರುಸಂದಿಯಲ್ಲಿ ಇರುತ್ತದೆ. ಅದನ್ನು ಬೀಗ ಹಾಕಿ ಇಟ್ಟವರನ್ನು ನಾನು ಕಂಡಿಲ್ಲ. ದೊಡ್ಡಪ್ಪನ ಲೈಟರಿನ ಕಲ್ಲು ಕೂಡ ಸೀರಿಯಂ ಮತ್ತು ಕಬ್ಬಿಣದ ಮಿಶ್ರಲೋಹವೇ. ಚಕ್ರ ಕೆರೆದು ಬಿದ್ದ ಪುಡಿ ಗಾಳಿ ತಾಗಿದೊಡನೆ ತಾನಾಗಿ ಹೊತ್ತಿಕೊಳ್ಳುತ್ತದೆ.

ದೊಡ್ಡಪ್ಪ: ನನ್ನ ಲೈಟರಿನ ಮಾತು ಈ ಗುಂಪಿನಲ್ಲಿ ಬೇಡ.

ಗಣಪತಿ ಚಿಕ್ಕಪ್ಪ: ಹಾಗಾದರೆ ದೀಪದ ಮಾತನ್ನೇ ಮುಗಿಸೋಣ. ಗುಜರಿಗೆ ಹೋದದ್ದು ಒಂದೇ. ಇನ್ನೊಂದನ್ನು ಮಗಳ ಮದುವೆಗೆಂದು ಒಯ್ದವನು ನೀನು ಅಣ್ಣಯ್ಯ.

ದೊಡ್ಡಪ್ಪ: ಅದು ನಮ್ಮ ಕೊಟ್ಟಿಗೆಯ ಅಟ್ಟದಲ್ಲಿದೆ, ಈಗಷ್ಟೇ ಹತ್ತಿ ನೋಡಿದೆ. ಗಾಜು ಒಡೆದಿದೆ. ಮ್ಯಾಂಟಲ್ ಇಲ್ಲ.