ಅಪ್‌ಡೇಟ್: ಅಪ್ಪನ ಬೋನ್ ಸ್ಕ್ಯಾನ್ ಆಯ್ತು

ಮೊನ್ನೆ ಕೇಳಿದ್ದೆನಲ್ಲ, ಅಪ್ಪನಿಗೆ ಶ್ವಾಸಕೋಶದ ಕ್ಯಾನ್ಸರ್, ಈಗ ಬೆನ್ನುನೋವು ಬೇರೆ, ಕ್ಯಾನ್ಸರ್ ಎಲುಬಿಗೆ ಹರಡಿದೆಯಾ ಅಂತ ನೋಡುವ ಬೋನ್ ಸ್ಕ್ಯಾನ್ ಮಾಡಿಸ್ಲೇಬೇಕಾ ಅಂತ. ಕುಂಬಳೆಯಿಂದ ಮಂಗ್ಳೂರಿಗೆ ಹೋಗಿ ಮಾಡಿಸಿದ್ವಿ.

ಟೆಕ್ನೀಷಿಯಂ-99ಎಂ ಅಂತ ಸ್ವಲ್ಪ ವಿಕಿರಣ ಸೂಸುವ ವಸ್ತು ಇರುವ ಇಂಜೆಕ್ಷನ್ ಕೊಡ್ತಾರೆ, ಅದು ಎಲುಬಿಗೆ ಹೋಗಿ ಸೇರ್ಲಿಕ್ಕೆ ಹತ್ರಹತ್ರ 3 ಗಂಟೆ ಬೇಕು, ಅಷ್ಟು ಹೊತ್ತು ಚೆನ್ನಾಗಿ ನೀರು ಕುಡೀಬೇಕು, ಸ್ಕ್ಯಾನಿಗೆ ಮಲಗುವ ಮೊದ್ಲು ಮೂತ್ರಕ್ಕೆ ಹೋಗಿ ಬರ್ಬೇಕು, ಇಲ್ಲಾಂದ್ರೆ ಸೊಂಟದ ಎಲುಬು ಸರಿ ಕಾಣೋದಿಲ್ಲ.

ರಿಪೋರ್ಟಲ್ಲಿ ಎರಡು ಕಪ್ಪು ಚುಕ್ಕೆ, ಪಕ್ಕೆಲುಬಲ್ಲಿ ಒಂದು, ಬೆನ್ನುಮೂಳೆಯಲ್ಲಿ ಒಂದು. ನೋಡಿ ಕೈಕಾಲೇ ಆಡ್ಲಿಲ್ಲ. ಆದ್ರೆ ಡಾಕ್ಟ್ರು ಹೇಳಿದ್ರು, ಚುಕ್ಕೆ ಅಂದ್ರೆ ಅಲ್ಲಿ ಎಲುಬಿನ ಕೆಲಸ ಜಾಸ್ತಿ ಆಗ್ತಾ ಉಂಟು ಅಂತ ಮಾತ್ರ, ಪೆಟ್ಟು ಬಿದ್ದಿದ್ರೂ ಸವೆದಿದ್ರೂ ಹಾಗೇ ಕಾಣ್ತದೆ. ಹೌದು, ಪಕ್ಕೆಲುಬಿಂದು ಹೋದ ಮಳೆಗಾಲ ಅಡಿಕೆ ತೋಟದಲ್ಲಿ ಜಾರಿ ಬಿದ್ದ ಪೆಟ್ಟು ಅಂತ ಸಿಟಿಯಲ್ಲಿ ಗೊತ್ತಾಯ್ತು. ಬೆನ್ನಿಂದು ಮಾತ್ರ ಕ್ಯಾನ್ಸರ್ ಹರಡಿದ್ದೇ, ಎಂಆರ್‌ಐಯಲ್ಲಿ ಖಚಿತ ಆಯ್ತು. ನೋವಿಗೆ ರೇಡಿಯೇಷನ್ ಶುರು, ಎಲುಬು ಗಟ್ಟಿ ಇರ್ಲಿಕ್ಕೆ ಝೊಲೆಡ್ರೊನಿಕ್ ಆಸಿಡ್ ಅನ್ನುವ ಮದ್ದು, ಅದಕ್ಕೆ ಮೊದ್ಲು ಹಲ್ಲು, ಕಿಡ್ನಿ ಎರಡೂ ತೋರಿಸ್ಬೇಕಂತೆ.

ಪೆಟ್-ಸಿಟಿ (ಮೈಯಲ್ಲಿ ಕ್ಯಾನ್ಸರ್ ಎಲ್ಲೆಲ್ಲಿ ಉಂಟು ಅಂತ ನೋಡುವ ಸ್ಕ್ಯಾನ್) ಮೊದ್ಲೇ ಆಗಿದ್ರೆ ಸಾಮಾನ್ಯವಾಗಿ ಬೋನ್ ಸ್ಕ್ಯಾನ್ ಬೇರೆ ಬೇಡ, ನಮ್ಗೆ ಆಗಿರ್ಲಿಲ್ಲ.

ಇಂಥ ಬೆನ್ನುನೋವಿನವರು ಮನೆಯಲ್ಲಿದ್ರೆ ದಯವಿಟ್ಟು ನೆನಪಿಡಿ, ಕಾಲಲ್ಲಿ ಬಲ ಇಲ್ಲ, ಮರಗಟ್ಟಿದೆ, ಮೂತ್ರ ಕಟ್ಟಿದೆ ಅಂದ್ರೆ ಬೆಳಗಾಗ್ಲಿ ಅಂತ ಕಾಯ್ಬೇಡಿ, ಕೂಡ್ಲೇ ಆಸ್ಪತ್ರೆಗೆ ಹೋಗಿ.