ಓದುಗರ ಸ್ಪಂದನ: ಫೋರ್ಕ್‌ಲಿಫ್ಟ್ ಲೈಸೆನ್ಸ್ ಕೊಡುವವರು ಯಾರು?

ಹಾಸನದ ಕೈಗಾರಿಕಾ ಪ್ರದೇಶದ ಕಾಫಿ ಗೋದಾಮೊಂದರಲ್ಲಿ ಲೋಡಿಂಗ್ ಕೆಲಸ ಮಾಡುವ, ಆಲೂರು ತಾಲ್ಲೂಕಿನ ಯುವ ಓದುಗರೊಬ್ಬರು ಕಳೆದ ಸಂಚಿಕೆಯಲ್ಲಿ ತಮ್ಮ ಸಮಸ್ಯೆಯನ್ನು ಬರೆದಿದ್ದರು. ಎಸ್ಸೆಸ್ಸೆಲ್ಸಿ ಪಾಸಾಗಿರುವ ಅವರು, ಆಪರೇಟರು ರಜೆ ಹಾಕಿದ ದಿನಗಳಲ್ಲಿ ಸೂಪರ್‌ವೈಸರು ಹೇಳಿದಂತೆ ಫೋರ್ಕ್‌ಲಿಫ್ಟ್, ಅಂದರೆ ಮುಂದಿನ ಎರಡು ಕಬ್ಬಿಣದ ತೋಳುಗಳಲ್ಲಿ (ಫೋರ್ಕ್) ಸರಕು ಎತ್ತಿ ಸಾಗಿಸುವ ಯಂತ್ರ, ಓಡಿಸುತ್ತ ಬಂದಿದ್ದಾರೆ. ಈಗ ಆ ಹುದ್ದೆ ಖಾಲಿಯಾಗಿದ್ದು, ಒಂದು ತಿಂಗಳೊಳಗೆ ಲೈಸೆನ್ಸ್ ತಂದರೆ ಅವರನ್ನೇ ಆಪರೇಟರಾಗಿ ತೆಗೆದುಕೊಳ್ಳುವುದಾಗಿ ಆಡಳಿತದವರು ಹೇಳಿದ್ದಾರೆ. ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿದರೆ ಅಂಥ ಲೈಸೆನ್ಸ್ ತಾವು ಕೊಡುವುದಿಲ್ಲ ಎಂದರಂತೆ. ಮಧ್ಯವರ್ತಿಯೊಬ್ಬ ತರಬೇತಿಯ ಗೊಡವೆಯೇ ಇಲ್ಲದೆ ಹಣ ಕೊಟ್ಟರೆ ಕಾರ್ಡು ಮಾಡಿಸಿಕೊಡುತ್ತೇನೆ ಎಂದು ಬೆನ್ನು ಬಿದ್ದಿದ್ದಾನೆ. ಅವರ ಬಳಿ ಇರುವುದು ದ್ವಿಚಕ್ರ ವಾಹನದ ಡಿಎಲ್ ಮಾತ್ರ. ಬಂದ ಪತ್ರಗಳಲ್ಲಿ ಕೆಲವನ್ನು ಇಲ್ಲಿ ಕೊಟ್ಟಿದ್ದೇವೆ.

*

ಆರ್‌ಟಿಒ ಕಚೇರಿಯವರು ನಿಮಗೆ ಹೇಳಿದ್ದು ಸರಿಯಾಗಿಯೇ ಇದೆ. ನಿಮ್ಮನ್ನು ಸಾಗಹಾಕಲು ಹೇಳಿದ ಮಾತು ಅದಲ್ಲ. 1988ರ ಮೋಟಾರು ವಾಹನ ಕಾಯ್ದೆಯ 2(28)ನೇ ಕಲಮು ಮೋಟಾರು ವಾಹನ ಎಂದರೆ ಯಾವುದೆಂದು ವಿವರಿಸುವಾಗ, ಕಾರ್ಖಾನೆಯೊಳಗೆ ಅಥವಾ ಬೇರಾವುದೇ ಮುಚ್ಚಿದ ಆವರಣದೊಳಗೆ ಮಾತ್ರ ಬಳಸಲು ತಯಾರಾದ ವಿಶೇಷ ಬಗೆಯ ವಾಹನವನ್ನು ಹೊರಗಿಟ್ಟಿದೆ. ಗೇಟಿನ ಒಳಗೇ ಓಡಾಡುವ ಫೋರ್ಕ್‌ಲಿಫ್ಟಿಗೆ ಆರ್‌ಟಿಒ ಲೈಸೆನ್ಸ್ ಇಲ್ಲದಿರುವುದು ಈ ಕಾರಣಕ್ಕೆ. ಹಾಗೆಂದು ಯಾರು ಬೇಕಾದರೂ ಹತ್ತಿ ಕೂರಬಹುದು ಎಂದಲ್ಲ. ಓಡಿಸುವವನಿಗೆ ತರಬೇತಿ ಕೊಡಿಸಿ, ಅವನನ್ನು ಪರೀಕ್ಷಿಸಿ, ಇಂಥ ಯಂತ್ರವನ್ನು ಇಂಥ ಆವರಣದಲ್ಲಿ ಓಡಿಸಲು ಇವರಿಗೆ ಅನುಮತಿ ಇದೆ ಎಂದು ಬರವಣಿಗೆಯಲ್ಲಿ ಕೊಡುವ ಹೊಣೆ ಮಾಲೀಕರ ಮೇಲಿದೆ. ಬಹಳ ಕಡೆ ಜನ ಲೈಸೆನ್ಸ್ ಎಂದು ಕರೆಯುವುದು ತರಬೇತಿ ಕೇಂದ್ರದ ಪ್ರಮಾಣಪತ್ರ ಮತ್ತು ಕಂಪನಿಯ ಈ ಅನುಮತಿ ಪತ್ರ, ಇವೆರಡನ್ನೇ.

ಆದ್ದರಿಂದ ನಿಮ್ಮ ಆಡಳಿತದವರು ಕೇಳುತ್ತಿರುವುದರಲ್ಲಿ ಅರ್ಧದಷ್ಟು ಅವರೇ ಮಾಡಬೇಕಾದ ಕೆಲಸ. 1948ರ ಕಾರ್ಖಾನೆ ಕಾಯ್ದೆಗೆ 1987ರ ತಿದ್ದುಪಡಿಯಲ್ಲಿ ಸೇರಿದ 111-ಎ ಕಲಮು, ಸುರಕ್ಷತೆಯ ಬಗ್ಗೆ ಕಾರ್ಖಾನೆಯೊಳಗೇ ತರಬೇತಿ ಪಡೆಯುವ ಇಲ್ಲವೇ ಮಾಲೀಕರ ಪ್ರಾಯೋಜನೆಯಲ್ಲಿ ಹೊರಗಿನ ಕೇಂದ್ರಕ್ಕೆ ಹೋಗಿ ಕಲಿಯುವ ಹಕ್ಕನ್ನು ಕಾರ್ಮಿಕನಿಗೆ ಕೊಟ್ಟಿತು. 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯೂ ಕೆಲಸದ ಜಾಗವನ್ನು ಅಪಾಯದಿಂದ ಮುಕ್ತವಾಗಿಡುವ ಹೊಣೆಯನ್ನು ಮಾಲೀಕರ ಮೇಲೆಯೇ ಇರಿಸಿದೆ. ಇದನ್ನು ಜಗಳದ ಧಾಟಿಯಲ್ಲಿ ಎತ್ತಬೇಕಾಗಿಲ್ಲ. ನಾನು ಆಪರೇಟರಾಗಲು ಸಿದ್ಧನಿದ್ದೇನೆ, ಮಾನ್ಯತೆಯುಳ್ಳ ಕೇಂದ್ರದ ತರಬೇತಿಗೆ ನನ್ನನ್ನು ಕಳುಹಿಸಿಕೊಡಬೇಕು ಎಂದು ಒಂದು ಪುಟದ ಅರ್ಜಿ ಬರೆದು, ಅದರ ಪ್ರತಿಯ ಮೇಲೆ ಸ್ವೀಕೃತಿಯ ಸಹಿ ಹಾಕಿಸಿಕೊಳ್ಳಿ.

ನಿಮ್ಮ ಪತ್ರದ ಕೊನೆಯಲ್ಲಿ ಬಂದು ಹೋದ ಒಂದು ವಾಕ್ಯ ನನ್ನನ್ನು ತಡೆದು ನಿಲ್ಲಿಸಿತು. ರಸ್ತೆಯ ಆಚೆಗಿರುವ ಎರಡನೆಯ ಗೋದಾಮಿಗೂ ಆಗಾಗ ಯಂತ್ರವನ್ನು ಒಯ್ಯುವುದುಂಟು ಎಂದಿದ್ದೀರಿ. ಆ ರಸ್ತೆ ಹತ್ತೇ ಮಾರು ಅಗಲವಿದ್ದರೂ ಅದು ಸಾರ್ವಜನಿಕ ಸ್ಥಳ. ಅಲ್ಲಿಗೆ ಕಾಲಿಟ್ಟ ಕೂಡಲೇ ಮೇಲೆ ಹೇಳಿದ ವಿನಾಯಿತಿಯ ಆಸರೆ ತಪ್ಪುತ್ತದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ರಸ್ತೆಗಿಳಿಯಬಲ್ಲ ಫೋರ್ಕ್‌ಲಿಫ್ಟನ್ನು ನಿರ್ಮಾಣ ಸಲಕರಣೆ ವಾಹನಗಳ ಸಾಲಿನಲ್ಲಿ ಹೆಸರಿಸಿವೆ. ಅಂದರೆ ಯಂತ್ರಕ್ಕೆ ನೋಂದಣಿ ಮತ್ತು ವಿಮೆ ಇರಬೇಕು, ಓಡಿಸುವವನ ಬಳಿ ಅದಕ್ಕೆ ತಕ್ಕ ಡಿಎಲ್ ಇರಬೇಕು. ದ್ವಿಚಕ್ರ ವಾಹನದ ಡಿಎಲ್ ಇಟ್ಟುಕೊಂಡು ನೀವು ಆ ರಸ್ತೆ ದಾಟುವಾಗ ಯಾರಿಗಾದರೂ ಪೆಟ್ಟಾದರೆ ಮೊಕದ್ದಮೆ ನಿಮ್ಮ ಹೆಸರಿಗೆ ಬರುತ್ತದೆ. ಸೂಪರ್‌ವೈಸರು ಬಾಯಲ್ಲಿ ಹೇಳಿದ ಮಾತು ಆಗ ನಿಮ್ಮ ನೆರವಿಗೆ ಬರುವುದಿಲ್ಲ. ನಾಳೆಯಿಂದಲೇ ರಸ್ತೆ ದಾಟಿಸುವುದನ್ನು ನಿಲ್ಲಿಸಿ.

ಲಘು ಮೋಟಾರು ವಾಹನದ, ಅಂದರೆ ಎಲ್‌ಎಂವಿ ಡಿಎಲ್‌ಗೆ ಇಂದೇ ಅರ್ಜಿ ಹಾಕಿ. ಎಲ್‌ಎಲ್‌ಆರ್ (ಕಲಿಕಾ ಲೈಸೆನ್ಸ್) ಬಂದು 30 ದಿನ ಕಳೆದ ಮೇಲೆ ಚಾಲನಾ ಪರೀಕ್ಷೆಗೆ ಹೋಗಬಹುದು. ಎಲ್‌ಎಲ್‌ಆರ್‌ನ ಅವಧಿ 6 ತಿಂಗಳು. ಆಡಳಿತದವರು ಕೊಟ್ಟ ಒಂದು ತಿಂಗಳ ಗಡುವಿನೊಳಗೆ ಇದು ಮುಗಿಯುವುದು ಕಷ್ಟ ಎಂಬುದನ್ನು ಅವರಿಗೆ ಮೊದಲೇ ತಿಳಿಸಿಬಿಡಿ.

– ಕಾರ್ಖಾನೆಯೊಂದರ ನಿವೃತ್ತ ಸುರಕ್ಷತಾಧಿಕಾರಿ, ಹಾಸನ

*

ತಮ್ಮ, ನಾನು ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ಗೋದಾಮಿನಲ್ಲಿ ಇದೇ ಕೆಲಸ ಮಾಡುವವನು. ಕಾಗದಪತ್ರದ ವಿಚಾರವನ್ನು ತಿಳಿದವರು ಹೇಳಲಿ. ನಿನಗೆ ಓಡಿಸಲು ಬರುತ್ತದೆ ಎಂದು ನೀನು ಬರೆದಿದ್ದೀಯಲ್ಲ, ಆ ಮಾತಿನ ಬಗ್ಗೆ ನನಗೆ ಹೇಳುವುದಿದೆ. ಮುಂದೆ ಹಿಂದೆ ಓಡಿಸುವುದನ್ನು, ಫೋರ್ಕ್ ಎತ್ತಿ ಇಳಿಸುವುದನ್ನು ಚುರುಕಾದ ಹುಡುಗರು ಬೇಗನೆ ಕಲಿಯುತ್ತಾರೆ. ತರಬೇತಿಯಲ್ಲಿ ಕಲಿಸುವುದು ಯಂತ್ರ ಯಾವಾಗ ಮಗುಚುತ್ತದೆ ಎಂಬುದನ್ನು, ಮತ್ತು ಅದನ್ನು ನೋಡಿ ನೋಡಿ ಕಲಿಯಲು ಆಗುವುದಿಲ್ಲ.

ಫೋರ್ಕ್‌ಲಿಫ್ಟ್ ಎನ್ನುವುದು ಮಕ್ಕಳು ಆಡುವ ಏತದ ಹಲಗೆಯ ಹಾಗೆ. ಮುಂದಿನ ಗಾಲಿಗಳ ಅಚ್ಚು ಅದರ ಆಧಾರ. ಒಂದು ತುದಿಗೆ ಲೋಡು, ಇನ್ನೊಂದು ತುದಿಗೆ ಹಿಂದಿನ ಕೌಂಟರ್‌ವೇಟ್, ಅಂದರೆ ಲೋಡನ್ನು ಸರಿದೂಗಿಸುವ ಭಾರ. ಲೋಡು ಮುಂದಕ್ಕೆ ಸರಿದಷ್ಟೂ ಅದರ ಭಾರ ಹೆಚ್ಚಿದಂತೆಯೇ ಲೆಕ್ಕ. ನಿನ್ನ ಯಂತ್ರದ ಮೇಲೆ ಒಂದು ಲೋಹದ ಕೆಪಾಸಿಟಿ ಪ್ಲೇಟು ಇರುತ್ತದೆ, ಧೂಳು ಒರೆಸಿ ಓದು. 500 ಮಿಲಿಮೀಟರ್ ಲೋಡ್ ಸೆಂಟರಿನಲ್ಲಿ 2000 ಕಿಲೋ ಎಂದು ಬರೆದಿದ್ದರೆ, ಫೋರ್ಕಿನ ಬುಡದಿಂದ ಲೋಡಿನ ನಡುಮಧ್ಯಕ್ಕೆ ಅರ್ಧ ಮೀಟರು ದೂರವಿದ್ದಾಗ ಮಾತ್ರ ಆ 2000 ಕಿಲೋ. 1200 ಮಿಲಿಮೀಟರ್ ಉದ್ದದ ಪ್ಯಾಲೆಟನ್ನು (ಮೂಟೆ ಜೋಡಿಸುವ ಅಡಿಹಲಗೆ) ಉದ್ದಕ್ಕೆ ಎತ್ತಿದರೆ ನಡುಮಧ್ಯ 600ಕ್ಕೆ ಹೋಗುತ್ತದೆ, ಎತ್ತುವ ಶಕ್ತಿ ಅಲ್ಲಿಗೇ ಇಳಿಯಿತು. ಮಾಸ್ಟ್, ಅಂದರೆ ಫೋರ್ಕ್ ಏರಿಳಿಯುವ ಮುಂದಿನ ಕಂಬ, ಮೇಲೇರಿದಂತೆ ಇನ್ನೂ ಇಳಿಯುತ್ತದೆ. ರಫ್ತಿನ ಕಾಫಿಯ 60 ಕಿಲೋ ಮೂಟೆಗಳನ್ನು 25ರಂತೆ ಜೋಡಿಸಿದರೆ ಪ್ಯಾಲೆಟಿನ ತೂಕ ಬಿಟ್ಟೇ 1500 ಕಿಲೋ ಆಯಿತು. ಇನ್ನೊಂದು ಸಾಲು ಹೇರೋಣ ಎಂದು ಯಾರಾದರೂ ಹೇಳಿದಾಗ ಬೇಡ ಎನ್ನಲು ಈ ಲೆಕ್ಕ ನಿನ್ನ ಬಾಯಲ್ಲಿರಬೇಕು.

ಇದು ಹಿಂದಿನ ಗಾಲಿಯಲ್ಲಿ ತಿರುಗುವ ಗಾಡಿ ಎಂಬುದನ್ನೂ ಗಮನಿಸು. ಬೈಕು, ಕಾರು ಓಡಿಸಿದ ಕೈಗೆ ಇದು ತಿಳಿಯದು. ನೀನು ಎಡಕ್ಕೆ ತಿರುಗಿಸಿದರೆ ಹಿಂಭಾಗ ಬಲಕ್ಕೆ ಬೀಸುತ್ತದೆ, ಅಟ್ಟಿಯ ಪಕ್ಕದಲ್ಲಿ ನಿಂತ ಹಮಾಲಿಯ ಕಾಲು ಇರುವುದು ಅಲ್ಲಿಯೇ. ಲೋಡು ಹೊತ್ತು ಹೋಗುವಾಗ ಫೋರ್ಕ್ ನೆಲದಿಂದ ಗೇಣಿಗಿಂತ ಮೇಲಿರಬಾರದು, ಮಾಸ್ಟ್ ಹಿಂದಕ್ಕೆ ಬಾಗಿರಬೇಕು. ರ‍್ಯಾಂಪಿನಲ್ಲಿ ಏರುವಾಗಲೂ ಇಳಿಯುವಾಗಲೂ ಲೋಡು ಎತ್ತರದ ಕಡೆಗೇ ಇರಬೇಕು, ಅಂದರೆ ಇಳಿಯುವುದು ರಿವರ್ಸಿನಲ್ಲಿ. ರ‍್ಯಾಂಪಿನ ಮೇಲೆ ತಿರುಗಿಸುವುದು ಬೇಡವೇ ಬೇಡ. ನಮ್ಮ ಕಡೆಯ ಆಷಾಢ ಶ್ರಾವಣದ ಮಳೆಯಲ್ಲಿ ಲಾರಿ ನಿಲ್ಲುವ ಬಾಗಿಲ ಹತ್ತಿರ ನೆಲ ಒದ್ದೆಯಾಗಿಯೇ ಇರುತ್ತದೆ. ಅಲ್ಲಿ ಬ್ರೇಕು ಹಿಡಿದ ಮೇಲೂ ಯಂತ್ರ ಜಾರಿಕೊಂಡು ಹೋಗುತ್ತದೆ ಎಂದು ಎಣಿಸಿಯೇ ವೇಗ ಇಟ್ಟುಕೊಳ್ಳಬೇಕು.

ಇದೊಂದನ್ನು ಮರೆಯಬೇಡ. ಯಂತ್ರ ಮಗುಚುತ್ತಿದೆ ಎಂದು ಅನಿಸಿದರೆ ಹೊರಕ್ಕೆ ಹಾರಬಾರದು. ಹಾರಿದವನ ಮೇಲೆ ತಲೆಯ ಮೇಲಿನ ಕಬ್ಬಿಣದ ಚೌಕಟ್ಟು ಬೀಳುತ್ತದೆ. ಬೆಲ್ಟ್ ಹಾಕಿಕೊಂಡೇ ಇದ್ದು, ಸ್ಟಿಯರಿಂಗ್ ಗಟ್ಟಿಯಾಗಿ ಹಿಡಿದು, ಕಾಲೂರಿ, ಅದು ಬೀಳುವ ಕಡೆಗೆ ವಿರುದ್ಧವಾಗಿ ವಾಲಬೇಕು. ಮನಸ್ಸು ಹಾರು ಎನ್ನುತ್ತದೆ, ಅದಕ್ಕೇ ಇದನ್ನು ಕಲಿಸುವವರ ಮುಂದೆ ಕುಳಿತು ಅಭ್ಯಾಸ ಮಾಡಬೇಕು.

ಹಸಿ ಕಾಫಿ ಬೀಜ ಸುತ್ತಲಿನ ವಾಸನೆಯನ್ನು ಎಳೆದುಕೊಳ್ಳುವುದರಿಂದ ನಮ್ಮಂಥ ಗೋದಾಮುಗಳಿಗೆ ಡೀಸೆಲ್ ಯಂತ್ರಕ್ಕಿಂತ ಬ್ಯಾಟರಿಯದೇ ಒಗ್ಗುತ್ತದೆ. ನಿಮ್ಮಲ್ಲಿಯೂ ಬ್ಯಾಟರಿಯದೇ ಇದ್ದರೆ ಚಾರ್ಜಿಂಗ್ ಮಾಡುವುದನ್ನೂ ಕಲಿಸಿಕೊಡಲು ಕೇಳು. ಸೀಸದ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಅಲ್ಲಿ ಗಾಳಿಯಾಡಬೇಕು, ಬೀಡಿ ಹಚ್ಚಕೂಡದು, ಡಿಸ್ಟಿಲ್ಡ್ ವಾಟರ್ ಹಾಕುವುದು ಚಾರ್ಜ್ ಮುಗಿದ ಮೇಲೆ.

– ಫೋರ್ಕ್‌ಲಿಫ್ಟ್ ಆಪರೇಟರ್, ಚಿಕ್ಕಮಗಳೂರು

*

ನಾನು ಹಾಸನದ ಕಂಪನಿಯೊಂದರ ಸಿಬ್ಬಂದಿ ವಿಭಾಗದಲ್ಲಿದ್ದು, ಆಪರೇಟರುಗಳ ದಾಖಲೆಗಳನ್ನು ನೋಡುವವಳು. ಮಧ್ಯವರ್ತಿ ಕೊಡುವ ಕಾರ್ಡು ನಮ್ಮ ಮೇಜಿನ ಮೇಲೆ ಬಂದಾಗ ಏನಾಗುತ್ತದೆ ಎಂಬುದನ್ನು ತಿಳಿಸುತ್ತೇನೆ. ಮೊದಲು ಕಾರ್ಡಿನ ಮೇಲಿರುವ ಸಂಸ್ಥೆ ಯಾವುದು, ತರಬೇತಿ ಎಲ್ಲಿ ನಡೆಯಿತು, ಯಾವ ಬಗೆಯ ಮತ್ತು ಎಷ್ಟು ಟನ್ನಿನ ಯಂತ್ರದ ಮೇಲೆ ನಡೆಯಿತು, ಪ್ರಾಯೋಗಿಕ ಪರೀಕ್ಷೆಯನ್ನು ತೆಗೆದುಕೊಂಡವರು ಯಾರು ಎಂಬುದನ್ನು ಕೇಳುತ್ತೇವೆ. ಬಳಿಕ ಯಂತ್ರದ ಬಳಿಗೆ ಕರೆದೊಯ್ದು, ಪಾಳಿ ಶುರುವಾಗುವ ಮೊದಲಿನ ತಪಾಸಣೆ ಮಾಡಿ ತೋರಿಸಿ ಎನ್ನುತ್ತೇವೆ. ಟಯರು, ಹಾರ್ನು, ಬ್ರೇಕು, ಹೈಡ್ರಾಲಿಕ್ ಎಣ್ಣೆಯ ಸೋರಿಕೆ, ಮಾಸ್ಟಿನ ಚೈನು, ಫೋರ್ಕ್ ಬಾಗುವ ಬುಡದಲ್ಲಿ ಬಿರುಕು, ಇವನ್ನು ನೋಡದೆ ನೇರ ಸೀಟಿಗೆ ಹತ್ತಿದವರು ಕಲಿತು ಬಂದವರಲ್ಲ ಎಂಬುದು ಅಲ್ಲಿಯೇ ತಿಳಿದುಬಿಡುತ್ತದೆ. ಹಾಗೆ ಸಿಕ್ಕಿಬಿದ್ದವರಿಗೆ ಆ ಹುದ್ದೆಯ ಜೊತೆಗೆ ಇದ್ದ ಕೆಲಸವೂ ಹೋಗುವ ಸಂಭವವಿದೆ.

ಸರಿಯಾದ ದಾರಿಗಳು ಇವೆ. ಸರಕಾರದ ಕೌಶಲ್ಯ ವ್ಯವಸ್ಥೆಯಲ್ಲಿ ಫೋರ್ಕ್‌ಲಿಫ್ಟ್ ಆಪರೇಟರ್ ಎಂಬುದು ಗುರುತಿಸಲಾದ ಉದ್ಯೋಗ. ಲಾಜಿಸ್ಟಿಕ್ಸ್ ಕ್ಷೇತ್ರದ ಕೌಶಲ್ಯ ಮಂಡಳಿಯೂ ನಿರ್ಮಾಣ ಸಲಕರಣೆಗಳ ಕ್ಷೇತ್ರದ ಮಂಡಳಿಯೂ ಇವೆ. ಅವುಗಳ ಮಾನ್ಯತೆ ಪಡೆದ ಕೇಂದ್ರ ಯಾವುದೆಂದು ಸ್ಕಿಲ್ ಇಂಡಿಯಾ ಡಿಜಿಟಲ್ ಜಾಲತಾಣದಲ್ಲಿ ನೋಡಬಹುದು. ಯಂತ್ರ ತಯಾರಕರೂ ಅವರ ಡೀಲರುಗಳೂ ತಮ್ಮ ಗ್ರಾಹಕ ಕಂಪನಿಗಳ ನೌಕರರಿಗೆ ತರಬೇತಿ ಕೊಡುವುದುಂಟು, ಮತ್ತು ನಿಮ್ಮ ಸಂದರ್ಭಕ್ಕೆ ಇದೇ ಸುಲಭವಾದೀತು ಎಂದು ನನಗೆ ತೋರುತ್ತದೆ. ಯಾಕೆಂದರೆ ನಿಮ್ಮ ಗೋದಾಮಿನಲ್ಲಿರುವ ಯಂತ್ರದ ಮೇಲೆಯೇ, ನಿಮ್ಮ ರ‍್ಯಾಂಪಿನಲ್ಲಿಯೇ ಕಲಿಯಬಹುದು. ಸರ್ವಿಸಿಗೆ ಬರುವ ಡೀಲರಿನ ಮೆಕ್ಯಾನಿಕ್ಕನ್ನು ಈ ಬಗ್ಗೆ ವಿಚಾರಿಸುವಂತೆ ನಿಮ್ಮ ಆಡಳಿತದವರಿಗೆ ಸೂಚಿಸಿ. ಕಣ್ಣಿನ ಮತ್ತು ಕಿವಿಯ ಪರೀಕ್ಷೆಯನ್ನೂ ಈಗಲೇ ಮಾಡಿಸಿಕೊಂಡು ವರದಿಯನ್ನು ಅರ್ಜಿಯ ಜೊತೆಗಿಡಿ. ನಮ್ಮಂಥ ಕಡೆ ಅದನ್ನು ಕೇಳಿಯೇ ಕೇಳುತ್ತೇವೆ.

– ಓದುಗಿ, ಹಾಸನ

*

ಗಲ್ಫ್‌ಗೂ ಇದೇ ಕಾರ್ಡಿನಲ್ಲಿ ಹೋಗಬಹುದು ಎಂದು ಆ ಮಧ್ಯವರ್ತಿ ಹೇಳಿದ್ದನ್ನು ನಂಬಬೇಡಿ. ಅಲ್ಲಿನ ದೊಡ್ಡ ಕೆಲಸಗಳಲ್ಲಿ ಪರೀಕ್ಷಾ ಸಂಸ್ಥೆಗಳು ಆಪರೇಟರನ್ನು ಮತ್ತೆ ಪರೀಕ್ಷಿಸಿಯೇ ಯಂತ್ರದ ಮೇಲೆ ಕೂರಿಸುತ್ತವೆ. ವಿದೇಶಕ್ಕೆ ಕಳುಹಿಸುವ ಏಜೆಂಟನಿಗೆ 1983ರ ವಲಸೆ ಕಾಯ್ದೆಯ ಅಡಿಯಲ್ಲಿ ನೋಂದಣಿ ಇರಬೇಕು ಮತ್ತು ಅವನು 30,000 ರೂಪಾಯಿ ಹಾಗೂ ಅದರ ಮೇಲಿನ ಜಿಎಸ್‌ಟಿಗಿಂತ ಹೆಚ್ಚು ಶುಲ್ಕ ಪಡೆಯುವಂತಿಲ್ಲ. ನೋಂದಣಿ ಇದೆಯೇ ಎಂಬುದು ಇಮೈಗ್ರೇಟ್ ಜಾಲತಾಣದಲ್ಲಿ ಸಿಗುತ್ತದೆ.

– ಗಲ್ಫ್‌ನಿಂದ ಮರಳಿದ ಓದುಗ, ಅರಸೀಕೆರೆ

*

ಹಮಾಲಿ ಕಾರ್ಮಿಕರ ನಡುವೆ ಬಹುಕಾಲ ಓಡಾಡಿದವನಾಗಿ ಎರಡು ಮಾತು ಸೇರಿಸುತ್ತೇನೆ. ಅನುಮತಿ ಪತ್ರ ಕೈಗೆ ಬರುವವರೆಗೆ, ಸೂಪರ್‌ವೈಸರು ಎಷ್ಟೇ ಒತ್ತಾಯಿಸಿದರೂ ನೀವು ಯಂತ್ರ ಮುಟ್ಟಬಾರದು. ಅರ್ಜಂಟಾಗಿ ಒಂದೇ ಒಂದು ಲಾರಿ ಖಾಲಿ ಮಾಡಿಕೊಡು ಎನ್ನುವ ಸಂಜೆಯಲ್ಲಿಯೇ ಇಲ್ಲ ಎನ್ನುವುದು ಬಹಳ ಕಷ್ಟ ಎಂದು ನನಗೆ ಗೊತ್ತು. ಆಗ, ಸರ್, ಅರ್ಜಿ ಕೊಟ್ಟಿದ್ದೇನೆ, ತರಬೇತಿ ಮುಗಿಯಲಿ, ಆಮೇಲೆ ನಾನೇ ಮಾಡುತ್ತೇನೆ ಎಂದು ಶಾಂತವಾಗಿ ಹೇಳಿ. ನಿಮ್ಮ ಜೊತೆಯ ಹಮಾಲಿಗಳಿಗೂ ಮೊದಲೇ ವಿಷಯ ತಿಳಿಸಿಟ್ಟರೆ ಅವರು ನಿಮ್ಮ ಬೆನ್ನಿಗೆ ನಿಲ್ಲುತ್ತಾರೆ, ಏಕೆಂದರೆ ಯಂತ್ರದ ಸುತ್ತ ಕೆಲಸ ಮಾಡುವವರು ಅವರೇ.

ನಿಮ್ಮ ಹೆಸರು ಇಎಸ್‌ಐಯಲ್ಲಿ (ಕಾರ್ಮಿಕರ ರಾಜ್ಯ ವಿಮಾ ಯೋಜನೆ) ಇದೆಯೇ ಎಂಬುದನ್ನು ಇದೇ ವಾರ ನೋಡಿಕೊಳ್ಳಿ. ನಿಮ್ಮ ಗೋದಾಮು ಇಎಸ್‌ಐ ವ್ಯಾಪ್ತಿಗೆ ಬರುವುದಾದರೆ, ತಿಂಗಳಿಗೆ 21,000 ರೂಪಾಯಿವರೆಗೆ ವೇತನವಿರುವ ಕಾರ್ಮಿಕರು ಅದರೊಳಗೆ ಬರುತ್ತಾರೆ. ಗುತ್ತಿಗೆದಾರನ ಮೂಲಕ ಸೇರಿದವರೂ ಅಷ್ಟೇ. ಕೆಲಸದಲ್ಲಿ ಪೆಟ್ಟಾದರೆ ಮೊದಲ ದಿನದಿಂದಲೇ ರಕ್ಷಣೆ ಇದೆ, ತಾತ್ಕಾಲಿಕ ಅಸಾಮರ್ಥ್ಯದ ಅವಧಿಗೆ ವೇತನದ ಶೇ 90ರಷ್ಟು ಸಿಗುತ್ತದೆ. ಹುದ್ದೆ ಬದಲಾದ ದಿನದಿಂದ ಹಾಜರಿ ಪುಸ್ತಕದಲ್ಲಿಯೂ ಸಂಬಳದ ಚೀಟಿಯಲ್ಲಿಯೂ ಲೋಡರ್ ಎಂಬುದರ ಬದಲು ಆಪರೇಟರ್ ಎಂದು ಬರೆಸಿಕೊಳ್ಳಿ, ಮತ್ತು ಆ ಹುದ್ದೆಗೆ ನಿಗದಿಯಾದ ವೇತನ ಎಷ್ಟೆಂದು ತರಬೇತಿಗೆ ಹೋಗುವ ಮೊದಲೇ ಕೇಳಿ ತಿಳಿದುಕೊಳ್ಳಿ.

– ಕಾರ್ಮಿಕ ಸಂಘಟನೆಯ ಕಾರ್ಯಕರ್ತ, ಚಿಕ್ಕಮಗಳೂರು